ವಯಸ್ಸೂ ಒಂದು ಅಮಾನತು
(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆಯಿರಲಿ. ತಕ್ವಾ ಪಾಲಿಸುವಂತೆ ಮೊದಲು ನಮಗೆ, ನಂತರ ನಿಮಗೆ ಉಪದೇಶಿಸುತ್ತೇವೆ.

ಈ ಶಾಲಾ ವರ್ಷದ ಆರಂಭದಲ್ಲಿ, ಅಸರ್ ನಮಾಝಿನ ನಂತರ, ನಮ್ಮ ಜಮಾಅತಿನ ಒಬ್ಬ ತಂದೆ ಮಸೀದಿಯ ಕಚೇರಿಗೆ ಬಂದರು. ಹೆಸರು ಹೇಳುವುದಿಲ್ಲ. ವಿಷಯ ಹೇಳಲು ಅವರೇ ಒಪ್ಪಿದ್ದಾರೆ. "ಉಸ್ತಾದರೇ, ಒಂದು ಸಣ್ಣ ಪತ್ರ ಬೇಕಿತ್ತು" ಎಂದರು. ಮಗ ಎಂಟನೇ ತರಗತಿ, ಒಳ್ಳೆಯ ಫುಟ್ಬಾಲ್ ಆಟಗಾರ. ವಯಸ್ಸು 14 ದಾಟಿದೆ. ಶಾಲಾ ಕ್ರೀಡಾಕೂಟಗಳಲ್ಲಿ 14, 17 ಮತ್ತು 19 ವರ್ಷದೊಳಗಿನವರೆಂದು ವಿಭಾಗಗಳಿವೆ. ಹುಟ್ಟಿದ ವರ್ಷವನ್ನು ಎರಡು ವರ್ಷ ಈಚೆಗೆ ತಂದು, ಬೇರೆ ಶಾಲೆಯಲ್ಲಿ ಮತ್ತೆ ಏಳನೇ ತರಗತಿಗೆ ಸೇರಿಸಿದರೆ ಅವನು ಚಿಕ್ಕವರ ತಂಡದಲ್ಲೇ ಆಡಬಹುದು, ಎಲ್ಲರ ಕಣ್ಣಿಗೂ ಬೀಳುತ್ತಾನೆ ಎಂದು ಯಾರೋ ಹೇಳಿಕೊಟ್ಟಿದ್ದರು. ಮದರಸದ ದಾಖಲೆಯಲ್ಲಿ ಹೊಸ ತಾರೀಕು ಬರೆದು ಜಮಾಅತಿನ ಮೊಹರು ಹಾಕಿ ಕೊಟ್ಟರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರಂತೆ.

ನಾವು ಕೊಡಲಿಲ್ಲ. ಮರುದಿನ ಮದರಸ ಬಿಟ್ಟ ಮೇಲೆ ಆ ಹುಡುಗ ಒಬ್ಬನೇ ನಿಂತಿದ್ದ. "ಉಸ್ತಾದರೇ, ಯಾರಾದರೂ ವಯಸ್ಸು ಕೇಳಿದರೆ ನಾನು ಇನ್ನು ಯಾವುದು ಹೇಳಬೇಕು?" ಎಂದು ಕೇಳಿದ. ಈ ಪ್ರಶ್ನೆಯೇ ಇಂದಿನ ಖುತ್ಬಾಕ್ಕೆ ಕಾರಣ.

ಸಹೋದರರೇ, ಓದಿನಲ್ಲಿ ಹಿಂದೆ ಬಿದ್ದ ಅಥವಾ ಕಾಯಿಲೆಯಿಂದ ಶಾಲೆ ತಪ್ಪಿಸಿಕೊಂಡ ಮಗುವನ್ನು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸುವುದು ತಪ್ಪಲ್ಲ. ಅದು ಮಗುವಿನ ಹಿತಕ್ಕಾಗಿ. ಅಮೆರಿಕದಲ್ಲಿ ಕೆಲವು ಹೆತ್ತವರು ಓದಿನಲ್ಲಿ ಚೆನ್ನಾಗಿರುವ ಮಗನನ್ನೂ ಆಟದಲ್ಲಿ ಮೇಲುಗೈಯಾಗಲಿ ಎಂದೇ ಒಂದು ವರ್ಷ ಹಿಂದೆ ಉಳಿಸುತ್ತಾರೆ. ಅಲ್ಲಿ ತರಗತಿ ಬದಲಾದರೂ ಜನನ ಪತ್ರ ಬದಲಾಗುವುದಿಲ್ಲ. ಅದು ಸರಿಯೇ ಎಂಬ ಚರ್ಚೆ ಅವರಲ್ಲೂ ಇದೆ. ನಮ್ಮಲ್ಲಿ ಹಲವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಜನ್ಮದಿನವನ್ನೇ ತಿದ್ದುತ್ತಾರೆ.

ಆಟದಲ್ಲಿ ಸಮಾನರ ನಡುವೆ ಸ್ಪರ್ಧೆ ನಡೆಯಬೇಕೆಂಬುದು ನಮಗೆ ಹೊಸ ಮಾತಲ್ಲ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆ ಓಟ ಏರ್ಪಡಿಸಿದ್ದರು. ತರಬೇತಿ ಪಡೆದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾವರೆಗಿನ ದೀರ್ಘ ದಾರಿ. ತರಬೇತಿಯಿಲ್ಲದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗಿನ ಕಿರುದಾರಿ. ಎರಡನ್ನೂ ಬೆರೆಸಲಿಲ್ಲ. ಮೂಕಪ್ರಾಣಿಗಳ ಓಟದಲ್ಲೇ ಈ ನ್ಯಾಯವಿದ್ದರೆ ಮಕ್ಕಳ ಆಟದಲ್ಲಿ ಎಷ್ಟಿರಬೇಕು?

ಅದೇ ಓಟದಲ್ಲಿ ಭಾಗವಹಿಸಿದ್ದ ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಉಹುದ್ ಯುದ್ಧದ ವೇಳೆ 14 ವರ್ಷದ ಹುಡುಗ. ಅವರನ್ನು ಸೇರಿಸಿಕೊಳ್ಳಲಿಲ್ಲ. ಖಂದಕ್‌ನ ಸಮಯಕ್ಕೆ 15 ಆಗಿತ್ತು, ಅನುಮತಿ ಸಿಕ್ಕಿತು. ಆ ದಿನಗಳಲ್ಲಿ ಜನನ ಪತ್ರವೂ ಇರಲಿಲ್ಲ, ಮೊಹರೂ ಇರಲಿಲ್ಲ. ತಾನು ತಿರಸ್ಕೃತನಾದ ಸಂಗತಿಯನ್ನು ಮುಂದಿನವರಿಗೆ ತಿಳಿಸಿದವರೂ ಅವರೇ. ಆ ಒಂದು ವರ್ಷ ಕಾಯ್ದದ್ದರಿಂದ ಅವರ ಗೌರವವೇನೂ ಕಡಿಮೆಯಾಗಲಿಲ್ಲ.

ಕೆಲವರು ಹೇಳುತ್ತಾರೆ: ನಾವು ಬಡವರು, ಕ್ರೀಡಾ ಕೋಟಾದಲ್ಲಿ ಸೀಟೋ ನೌಕರಿಯೋ ಸಿಕ್ಕಿದರೆ ಮನೆ ಉಳಿಯುತ್ತದೆ, ಇದರಿಂದ ಯಾರಿಗೆ ನಷ್ಟ? ನಷ್ಟವಾಗುವ ಹುಡುಗ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಹದಿಮೂರಕ್ಕೂ ಹದಿನೈದಕ್ಕೂ ನಡುವೆ ಗಂಡುಮಕ್ಕಳ ಎತ್ತರ, ತೂಕ, ಬಲ ಎಲ್ಲವೂ ಬದಲಾಗುತ್ತವೆ. ಆಯ್ಕೆಯ ದಿನ ಮೈದಾನದ ಬದಿಯಲ್ಲಿ ಬೂಟು ಬಿಚ್ಚಿ ಬಸ್ಸು ಹತ್ತುವ ಆ ಚಿಕ್ಕ ಹುಡುಗನ ಮನೆಯೂ ಬಡವರದೇ ಇರಬಹುದು. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲೆಂದೇ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ, ಅಲ್ ಮುತಫ್ಫಿಫೀನ್. ವಯಸ್ಸೂ ಒಂದು ಅಳತೆಯೇ ತಾನೇ?

ಇನ್ನೊಂದು ನಷ್ಟ ನಮ್ಮ ಮನೆಯೊಳಗೇ ಇದೆ. ಏನೋ ಕೊಡುತ್ತೇನೆ ಬಾ ಎಂದು ಮಗುವನ್ನು ಕರೆದ ತಾಯಿಯೊಬ್ಬರನ್ನು ಪ್ರವಾದಿವರ್ಯರು(ಸ) ಏನು ಕೊಡಲಿದ್ದೀರಿ ಎಂದು ಕೇಳಿದರು. ಖರ್ಜೂರ ಎಂದಾಗ, ಕೊಡದೆ ಇದ್ದಿದ್ದರೆ ಅದು ನಿಮ್ಮ ಹೆಸರಿನಲ್ಲಿ ಒಂದು ಸುಳ್ಳಾಗಿ ದಾಖಲಾಗುತ್ತಿತ್ತು ಎಂದು ಎಚ್ಚರಿಸಿದರು. ಒಂದು ಖರ್ಜೂರದ ವಿಷಯದಲ್ಲೇ ಹೀಗಿದ್ದರೆ, ಮಗನ ಹೆಸರಿನಲ್ಲೇ ಬರೆಸಿ ಜೀವನವಿಡೀ ಅವನ ಬಾಯಿಂದ ಹೇಳಿಸುವ ಸುಳ್ಳಿನ ಲೆಕ್ಕವೇನು? ನಮ್ಮ ರಾಜ್ಯದವರೇ ಆದ ರಾಹುಲ್ ದ್ರಾವಿಡ್ 2015ರಲ್ಲಿ ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಇದನ್ನೇ ಎತ್ತಿದ್ದರು. ಹೆತ್ತವರೂ ಕೋಚ್‌ಗಳೂ ಮೋಸ ಮಾಡುವುದನ್ನು ನೋಡುತ್ತಾ ಬೆಳೆಯುವ ಮಗು ಮೋಸವನ್ನೇ ಕಲಿಯುವುದಿಲ್ಲವೇ ಎಂಬುದು ಅವರ ಪ್ರಶ್ನೆಯ ಸಾರ.

ಈಗ ನಮ್ಮ ಮಾತು. ಜಮಾಅತಿನ ಮೊಹರು ಸಾಕ್ಷ್ಯವಾಗಿದೆ. ದೊಡ್ಡ ಪಾಪಗಳನ್ನು ಎಣಿಸುವಾಗ ಒರಗಿ ಕುಳಿತಿದ್ದ ಪ್ರವಾದಿವರ್ಯರು(ಸ) ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರು. ಸ್ವಂತದವರ ವಿರುದ್ಧವಾದರೂ ಸತ್ಯಕ್ಕೇ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಆದೇಶಿಸುತ್ತದೆ. ಹಿಂದೆ ಪರಿಚಯದವರೆಂದು, ದಾಕ್ಷಿಣ್ಯಕ್ಕೆಂದು, ಪರಿಶೀಲಿಸದೆ ನಾವೂ ಇಂತಹ ಪತ್ರಗಳಿಗೆ ಸಹಿ ಹಾಕಿದ್ದುಂಟು. ಅದಕ್ಕಾಗಿ ಅಲ್ಲಾಹನಲ್ಲಿ ಕ್ಷಮೆ ಕೇಳುತ್ತೇವೆ. ಇನ್ನು ಮುಂದೆ ಮೂಲ ಜನನ ಪತ್ರ ನೋಡದೆ ವಯಸ್ಸಿನ ಯಾವ ಪತ್ರವನ್ನೂ ಕೊಡುವುದಿಲ್ಲವೆಂದು ಸಮಿತಿ ನಿರ್ಧರಿಸಿದೆ.

ಈಗಾಗಲೇ ವಯಸ್ಸು ತಿದ್ದಿಸಿದವರು ನಮ್ಮ ನಡುವೆ ಇರಬಹುದು. ಅವರು ನಿರಾಶರಾಗಬಾರದು. 2020ರಲ್ಲಿ ಬಿಸಿಸಿಐ, ತಾವಾಗಿಯೇ ನಿಜ ವಯಸ್ಸು ಒಪ್ಪಿಕೊಂಡ ಆಟಗಾರರನ್ನು ಅಮಾನತು ಮಾಡುವುದಿಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಎಂದು ಪ್ರಕಟಿಸಿತ್ತು. ಮನುಷ್ಯರೇ ಇಂತಹ ಬಾಗಿಲು ತೆರೆಯುವಾಗ ಅಲ್ಲಾಹನ ತೌಬಾದ ಬಾಗಿಲು ಎಷ್ಟು ವಿಶಾಲ! ಆದರೆ ತೌಬಾ ಎಂದರೆ ಬಾಯಿಮಾತಲ್ಲ. ಇನ್ನೊಬ್ಬರ ಹಕ್ಕು ಸೇರಿದ್ದರೆ ಅದನ್ನು ಮರಳಿಸಬೇಕು. ದಾಖಲೆ ಸರಿಪಡಿಸಿ, ನಮ್ಮದಲ್ಲದ ಜಾಗವನ್ನು ಬಿಟ್ಟುಕೊಡಬೇಕು.

ಆ ಹುಡುಗನಿಗೆ "ನಿಜವಾದದ್ದನ್ನೇ ಹೇಳು ಮಗನೇ" ಎಂದೆವು. ತಂದೆಯೂ ಎರಡು ದಿನ ಬಿಟ್ಟು ಬಂದು ಪತ್ರ ಬೇಡವೆಂದರು. ಈಗ ಅವನು 17 ವರ್ಷದೊಳಗಿನವರ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು. ಹೆಚ್ಚು ಹೊತ್ತು ಗೆರೆಯ ಹೊರಗೇ ಕೂರುತ್ತಾನೆ. ಮುಂದೆ ಗೆಲ್ಲುತ್ತಾನೋ ಇಲ್ಲವೋ ಅಲ್ಲಾಹನೇ ಬಲ್ಲ. ಆದರೆ ವಯಸ್ಸು ಕೇಳಿದರೆ ತಲೆ ತಗ್ಗಿಸುವುದಿಲ್ಲ.

ಅಲ್ಲಾಹನು ನಮ್ಮ ಮಕ್ಕಳ ದೇಹಕ್ಕೆ ಶಕ್ತಿಯನ್ನೂ ನಾಲಿಗೆಗೆ ಸತ್ಯವನ್ನೂ ದಯಪಾಲಿಸಲಿ. ನಮ್ಮ ಸಾಕ್ಷ್ಯಗಳನ್ನು ಶುದ್ಧಗೊಳಿಸಲಿ. ಆಮೀನ್.