ಜಡ್ಜ್ ನೋಡೋದು ನಾಯಿನಾ, ಚೈನ್ ಹಿಡಿದೋರನ್ನಾ?

ಇವತ್ತು ರಾಜಕೀಯಕ್ಕೆ ರಜೆ. ನಾಯಿಗಳ ವಿಷಯ ಮಾತಾಡೋಣ. ನಗಬೇಡಿ, ಇದರಲ್ಲೂ ನ್ಯಾಯದ ಪ್ರಶ್ನೆ ಇದೆ, ಹೊಟ್ಟೆಪಾಡಿನ ಪ್ರಶ್ನೆ ಇದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ನಾಲ್ಕು ಊರುಗಳ ಸುತ್ತಮುತ್ತ ನಾಯಿ ಸಾಕೋದು ಬರೀ ಶೋಕಿ ಅಲ್ಲ. ಇದು ಕುರಿ ಹಟ್ಟಿಗಳ ಸೀಮೆ. ಕುಷ್ಟಗಿ ದಾಟಿ ಇಳಕಲ್ ಮುಟ್ಟಿದರೆ ಬಾಗಲಕೋಟೆ ಜಿಲ್ಲೆ. ಅದೇ ಜಿಲ್ಲೆಯಲ್ಲಿ ಮುಧೋಳ. ಮುಧೋಳ ನಾಯಿ ಗೊತ್ತಲ್ಲ? ಉದ್ದ ಮುಖ, ಸಣ್ಣ ನಡು, ಆಳವಾದ ಎದೆ, ಬಾಣದ ಹಾಗೆ ಓಟ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರ ಇರೋ ಸ್ಟ್ಯಾಂಪ್ ತಂತು. 2016ರಲ್ಲಿ ಸೇನೆಯವರು ತರಬೇತಿಗೆ ಅಂತ ಮರಿಗಳನ್ನ ಮೀರತ್‌ಗೆ ಕರಕೊಂಡು ಹೋದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಗಳೇ 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದರು. ಹೆಸರು ದೊಡ್ಡದಾಯ್ತು. ಸರಿ. ಆದರೆ ಅದೇ ನಾಯಿಯನ್ನ ಹಿಡಿದುಕೊಂಡು ಪ್ರದರ್ಶನದ ರಿಂಗ್‌ಗೆ ಇಳಿದವನ ಕಥೆ ಏನು?

ನದಿಯಾಚೆ ಹಂಪಿ ಉತ್ಸವದಲ್ಲಿ ಶ್ವಾನ ಪ್ರದರ್ಶನ ನಡೆದಿದೆ. ಧಾರವಾಡದ ಕೃಷಿ ಮೇಳದಲ್ಲಿ ನಡೆದಿದೆ. ಮೈಸೂರು ದಸರಾದಲ್ಲಂತೂ ಮುದ್ದುಪ್ರಾಣಿಗಳ ಪ್ರದರ್ಶನ ಒಂದು ಸಂಪ್ರದಾಯವೇ ಆಗಿದೆ. ಇಂಥ ಯಾವುದೇ ರಿಂಗ್‌ನ ಪಕ್ಕ ಹತ್ತು ನಿಮಿಷ ನಿಂತುಕೊಳ್ಳಿ. ಸೋತವರ ಬಾಯಲ್ಲಿ ಎರಡು ಮಾತು ಬಂದೇ ಬರ್ತಾವೆ. ಒಂದು, 'ಜಡ್ಜ್ ನಾಯಿ ನೋಡಲಿಲ್ಲ ಸರ್, ಚೈನ್ ಹಿಡಿದೋರ ಮುಖ ನೋಡಿದ್ರು.' ಎರಡು, 'ನಮ್ಮ ನಾಯಿ ಬಡಕಲು ಐತಿ ಅಂತ ಹಿಂದ ಸರಿಸಿದ್ರು.'

ಮೊದಲನೇ ದೂರು ಹೊಸದೇನಲ್ಲ. ಜಗತ್ತಿನ ಮೊಟ್ಟಮೊದಲ ವ್ಯವಸ್ಥಿತ ಶ್ವಾನ ಪ್ರದರ್ಶನ ನಡೆದದ್ದು 1859ರ ಜೂನ್‌ನಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಬಂದದ್ದು ಎರಡೇ ಜಾತಿ, ಪಾಯಿಂಟರ್ ಮತ್ತು ಸೆಟ್ಟರ್. ಬಹುಮಾನ ಬಂದೂಕು. ಪಾಯಿಂಟರ್‌ನಲ್ಲಿ ಗೆದ್ದ ನಾಯಿ ಯಾರದ್ದು? ಸೆಟ್ಟರ್ ವಿಭಾಗದ ಜಡ್ಜ್ ಒಬ್ಬರದ್ದು. ಸೆಟ್ಟರ್‌ನಲ್ಲಿ ಗೆದ್ದದ್ದು? ಪಾಯಿಂಟರ್ ವಿಭಾಗದ ಜಡ್ಜ್ ಒಬ್ಬರದ್ದು! ನಾಯಿಗಳು ನಿಜವಾಗಿಯೂ ಚೆನ್ನಾಗಿದ್ದವೇನೋ, ಇರಲಿ. ಆದರೆ ನೋಡಿದವರು ಏನಂದುಕೊಂಡಿರಬೇಕು? ನೂರಾ ಅರವತ್ತು ವರ್ಷ ದಾಟಿದರೂ ಆ ಅನುಮಾನ ಇನ್ನೂ ರಿಂಗ್ ಬಿಟ್ಟು ಹೋಗಿಲ್ಲ.

ಯಾಕೆ ಹೋಗಿಲ್ಲ? ನಮ್ಮ ಕಡೆಯ ಬೇರೆ ಪಂದ್ಯಗಳನ್ನ ನೋಡಿ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿತೋ, ಸೋತ. ಸಾವಿರ ಜನರ ಕಣ್ಣಿಗೆ ಕಾಣ್ತದೆ. ಕಾರಹುಣ್ಣಿಮೆಯ ದಿನ ಯಾವ ಎತ್ತು ಮುಂದೆ ಬಂದು ಕರಿ ಹರೀತು ಅನ್ನೋದಕ್ಕೆ ಇಡೀ ಊರೇ ಸಾಕ್ಷಿ. ಶ್ವಾನ ಪ್ರದರ್ಶನದಲ್ಲಿ ಹಾಗಿಲ್ಲ. ಅಲ್ಲಿ ಗೆರೆ ಇಲ್ಲ, ಗಡಿಯಾರ ಇಲ್ಲ. ಪ್ರತಿ ಜಾತಿಗೂ ಒಂದು ಬರೆದಿಟ್ಟ ಮಾನದಂಡ ಇರ್ತದೆ. ತಲೆ ಹೇಗಿರಬೇಕು, ಹಲ್ಲು ಹೇಗೆ ಕೂಡಬೇಕು, ಬೆನ್ನು, ಬಾಲ, ನಡಿಗೆ, ಸ್ವಭಾವ. ಜಡ್ಜ್ ಪ್ರತಿ ನಾಯಿಯನ್ನ ಆ ಮಾನದಂಡದ ಜೊತೆ ಹೋಲಿಸಬೇಕು. ಒಂದು ನಾಯಿಗೆ ಸಿಗೋದು ಒಂದೆರಡು ನಿಮಿಷ. ಹಲ್ಲು ನೋಡಿದರು, ಮೈ ಸವರಿದರು, ಒಂದು ಸುತ್ತು ಓಡಿಸಿದರು, ಕೈ ತೋರಿಸಿದರು, ಮುಗೀತು. ಯಾಕೆ ಗೆದ್ದಿತು, ಯಾಕೆ ಸೋತಿತು? ಉತ್ತರ ಜಡ್ಜ್ ತಲೆಯಲ್ಲೇ ಉಳೀತು. ಕಾರಣ ಗೊತ್ತಾಗದೆ ಸೋತವನು ಕಾರಣ ಹುಡುಕದೆ ಬಿಡ್ತಾನಾ?

ಈಗ ಎರಡನೇ ದೂರು. ಇದು ನಮ್ಮದೇ ದೂರು. ಉತ್ಸವಗಳಲ್ಲಿ ನಡೆಯೋ ಸಣ್ಣ ಪ್ರದರ್ಶನಗಳಲ್ಲಿ ಎಷ್ಟೋ ಸಲ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪಗ್, ಮುಧೋಳ ಎಲ್ಲವೂ ಕೊನೆಗೆ ಒಂದೇ ಸಾಲಿನಲ್ಲಿ ನಿಲ್ತಾವೆ. ಶಾಂಪೂ ಹಾಕಿಸಿಕೊಂಡು ಮಿಂಚೋ ಲ್ಯಾಬ್ರಡಾರ್ ಪಕ್ಕ ಮುಧೋಳ ನಾಯಿ ನಿಂತರೆ ಜನರಿಗೆ ಏನನ್ನಿಸುತ್ತೆ? 'ಪಾಪ, ಊಟ ಹಾಕಿಲ್ಲ.' ಆದರೆ ಓಡೋ ನಾಯಿಯ ಪಕ್ಕೆಲುಬು ತುಸು ಕಾಣಬೇಕು ಸ್ವಾಮಿ! ಮೈ ತುಂಬಿದರೆ ಅದು ಮುಧೋಳ ನಾಯಿಯಾಗಿ ಕೆಟ್ಟಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮೈ ಹೇಗಿರಬೇಕು ಅಂತ ಅಲ್ಲಿ ಕೇಳಿದರೆ ಹೇಳ್ತಾರೆ. ಕುರಿ ಕಾಯೋ ಹಿರಿಯರನ್ನ ಕೇಳಿದರೂ ಹೇಳ್ತಾರೆ.

ಹೆಸರಿನ ಗೊಂದಲವನ್ನೂ ಕೇಳಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಒಂದು ಜೋಡಿಯನ್ನ ಐದನೇ ಜಾರ್ಜ್ ದೊರೆಗೆ ಕೊಟ್ಟರು, ಅಲ್ಲಿಂದ ಈ ಹೆಸರು ನಿಂತಿತು ಅಂತ ಹೇಳ್ತಾರೆ. ಚೆನ್ನೈನಲ್ಲಿರೋ ಕೆನಲ್ ಕ್ಲಬ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಇದು 'ಕ್ಯಾರವಾನ್ ಹೌಂಡ್'. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನಲ್ಲಿ 'ಮುಧೋಳ ಹೌಂಡ್'. ನಾಯಿ ಒಂದೇ, ಕಾಗದದಲ್ಲಿ ಹೆಸರು ಎರಡು. ಹಳ್ಳಿಯಿಂದ ಬಂದವನು ಯಾವ ಫಾರಂ ತುಂಬಬೇಕು?

ಜಡ್ಜ್‌ಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಮುಧೋಳ ನಾಯಿಗೆ ಅಪರಿಚಿತರು ಮುಟ್ಟೋದು ಸೇರೋದಿಲ್ಲ. ಹೊಲದಲ್ಲಿ ಬೆಳೆದ ನಾಯಿ, ಮೈಕಿನ ಅಬ್ಬರ, ಜನರ ಗದ್ದಲ, ಬಿಸಿಲು. ಬಾಲ ಒಳಗೆ ಹಾಕ್ತದೆ, ಬಾಯಿ ತೆರೆಯೋಕೆ ಬಿಡೋದಿಲ್ಲ, ಓಡು ಅಂದರೆ ಕೂತುಬಿಡ್ತದೆ. ಹಲ್ಲು ನೋಡದೆ, ನಡಿಗೆ ನೋಡದೆ ಜಡ್ಜ್ ಬಹುಮಾನ ಹೇಗೆ ಕೊಡಬೇಕು? ಪೇಟೆಯವರು ತಿಂಗಳುಗಟ್ಟಲೆ ತರಬೇತಿ ಕೊಡ್ತಾರೆ, ದುಡ್ಡು ಕೊಟ್ಟು ಹ್ಯಾಂಡ್ಲರ್ ಇಟ್ಟುಕೊಳ್ತಾರೆ. ಅವರ ನಾಯಿ ಕಲ್ಲಿನ ಗೊಂಬೆ ಹಾಗೆ ನಿಲ್ತದೆ. ನಿಮ್ಮ ಕಣ್ಣಿಗೆ ಅದು ವಶೀಲಿ ಹಾಗೆ ಕಾಣ್ತದೆ. ಎಷ್ಟೋ ಸಲ ಅದು ಬರೀ ತಯಾರಿ. ಇನ್ನೊಂದು ಮಾತು. ಗೆದ್ದ ದಿನ 'ಜಡ್ಜ್ ಭಾರಿ ತಿಳಿದವರು', ಸೋತ ದಿನ 'ಜಡ್ಜ್‌ಗೆ ಏನೂ ಗೊತ್ತಿಲ್ಲ'. ಇದು ಯಾವ ನ್ಯಾಯ?

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಆ ರಿಬ್ಬನ್ ಮೇಲೆ ಮರಿಯ ರೇಟು ನಿಂತಿದೆ. ಗೆದ್ದ ಗಂಡಿನ ಮರಿ ಅಂದರೆ ಬೇರೆ ಬೆಲೆ. ಮೂರ್ನಾಲ್ಕು ಹೆಣ್ಣು ನಾಯಿ ಸಾಕಿ ಮರಿ ಮಾರೋ ಮನೆಗೆ ಅದು ವರ್ಷದ ಆಸರೆ. ಇನ್ನೂ ದೊಡ್ಡ ಮಾತಿದೆ. ಜಡ್ಜ್ ಯಾವುದನ್ನ ಗೆಲ್ಲಿಸ್ತಾರೋ, ಜನ ಅದನ್ನೇ ಬೆಳೆಸ್ತಾರೆ. ಇಂಗ್ಲೆಂಡಿನಲ್ಲಿ ಆದದ್ದು ಇದೇ. ಮುಖ ಚಪ್ಪಟೆ ಇದ್ದಷ್ಟು ಬಹುಮಾನ ಅಂತಾಯ್ತು, ಕೊನೆಗೆ ನಾಯಿಗಳಿಗೆ ಉಸಿರಾಡೋದೇ ಕಷ್ಟ ಆಯ್ತು. 2008ರಲ್ಲಿ ಬಿಬಿಸಿ ಒಂದು ಸಾಕ್ಷ್ಯಚಿತ್ರದಲ್ಲಿ ಇದನ್ನ ಬಯಲು ಮಾಡಿತು. 2012ರ ಕ್ರಫ್ಟ್ಸ್ ಪ್ರದರ್ಶನದಲ್ಲಿ ತಮ್ಮ ಜಾತಿಯಲ್ಲಿ ಮೊದಲು ಬಂದ ಬುಲ್‌ಡಾಗ್, ಪೆಕಿಂಗೀಸ್ ಸೇರಿ ಆರು ನಾಯಿಗಳು ಪಶುವೈದ್ಯರ ತಪಾಸಣೆಯಲ್ಲಿ ಫೇಲ್ ಆದವು. ಜಡ್ಜ್ ಪಾಸ್ ಮಾಡಿದ್ದನ್ನ ಡಾಕ್ಟರ್ ಫೇಲ್ ಮಾಡಿದರು! ನಾಳೆ ನಮ್ಮಲ್ಲೂ ದಪ್ಪ ಮುಧೋಳವೇ ಗೆಲ್ಲೋಕೆ ಶುರುವಾದರೆ, ಓಡಲಾರದ ಮುಧೋಳ ನಾಯಿ ಹುಟ್ಟೋಕೆ ಎಷ್ಟು ವರ್ಷ ಬೇಕು?

ಹಾಗಾದರೆ ಏನು ಮಾಡಬೇಕು? ಕೋಟಿಗಟ್ಟಲೆ ಖರ್ಚಿನ ಕೆಲಸ ಅಲ್ಲ. ಒಂದು, ರಿಂಗ್ ಶುರುವಾಗೋ ಮುಂಚೆ ಆ ಜಾತಿಯ ಮಾನದಂಡವನ್ನ ಕನ್ನಡದಲ್ಲಿ ಮೈಕ್‌ನಲ್ಲಿ ಓದಿ. ಎರಡು, ದೇಸಿ ತಳಿಗಳಿಗೆ ಬೇರೆ ವಿಭಾಗ ಇಡಿ, ಅವುಗಳನ್ನ ಬಲ್ಲವರನ್ನೇ ಜಡ್ಜ್ ಮಾಡಿ. ಮೂರು, ಸ್ಪರ್ಧಿಗಳ ಜೊತೆ ಮರಿ ವ್ಯಾಪಾರ ಇರೋರು ಜಡ್ಜ್ ಕುರ್ಚಿಯಲ್ಲಿ ಕೂರಬಾರದು. ನಾಲ್ಕು, ಪ್ರತಿ ನಾಯಿಗೂ ಎರಡು ಸಾಲು ಬರೆದು ಕೊಡಿ. ಯುರೋಪಿನ ಹಲವು ದೇಶಗಳಲ್ಲಿ ಜಡ್ಜ್ ಪ್ರತಿ ನಾಯಿಯ ಬಗ್ಗೆ ಬರೆದೇ ಕೊಡ್ತಾರೆ. 'ಎದೆ ಚೆನ್ನಾಗಿದೆ, ಹಿಂಗಾಲು ಸಡಿಲ, ಅಂಜುತ್ತದೆ.' ಇಷ್ಟು ಸಾಕು. ಓದಿದವನು ಮನೆಗೆ ಹೋಗಿ ಬೈಯೋ ಬದಲು, ಮುಂದಿನ ಸಲಕ್ಕೆ ನಾಯಿಯನ್ನ ತಯಾರು ಮಾಡ್ತಾನೆ.

ನಮ್ಮ ದನದ ಸಂತೆಯಲ್ಲಿ ಎತ್ತು ಬೇಡ ಅನ್ನೋ ಅಜ್ಜ ಕೂಡ ಸುಮ್ಮನೆ ಎದ್ದು ಹೋಗೋದಿಲ್ಲ. ಹಲ್ಲು ಹೀಗೈತಿ, ಸುಳಿ ಸರಿ ಇಲ್ಲ ಅಂತ ಕಾರಣ ಹೇಳಿಯೇ ಹೋಗ್ತಾನೆ. ಒಪ್ಪೋದು ಬಿಡೋದು ನಮ್ಮಿಷ್ಟ, ಆದರೆ ಕಾರಣ ಗೊತ್ತಾಗ್ತದೆ. ಸಂತೆಯ ಅಜ್ಜ ಕೊಡೋ ಮರ್ಯಾದೆಯನ್ನ ಕೋಟು ಹಾಕಿಕೊಂಡ ಜಡ್ಜ್ ಸಾಹೇಬರೂ ಕೊಡಲಿ. ಹಟ್ಟಿಯಿಂದ ಬಸ್ಸು ಹತ್ತಿ, ನಾಯಿಯನ್ನ ತೊಡೆಯ ಮೇಲೆ ಕೂರಿಸಿಕೊಂಡು ಬಂದವನಿಗೆ ಕಪ್ ಸಿಗದಿದ್ದರೂ ಪರವಾಗಿಲ್ಲ. ಯಾಕೆ ಸಿಗಲಿಲ್ಲ ಅನ್ನೋದಾದರೂ ತಿಳಿಯಬೇಕು. ಅಷ್ಟು ಕೇಳೋ ಹಕ್ಕು ಅವನಿಗಿದೆ.

ಯೋಚನೆ ಮಾಡಿ.