ಮೂರು ಮೂಲೆಯ ನಿವೇಶನ



ಹಿಂದೊಮ್ಮೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನನ್ನ ಶಿಷ್ಯನೊಬ್ಬನ ತಂದೆಯವರು ಮೂರು ಮೂಲೆಯ ನಿವೇಶನ ಕೊಳ್ಳಲು ಹೊರಟರು. ಬುಡ 14 ಗಜ. ಬದಿಗಳು 13, 15. ಮಾರುವವರು 14ನ್ನು 13ರಿಂದ ಗುಣಿಸಿ, ಅರ್ಧಮಾಡಿ, 91 ಚದರ ಗಜಕ್ಕೆ ಹಣ ಕೇಳಿದರು. ಆ ಮೂಲೆ ಲಂಬಕೋನವಾಗಿದ್ದರೆ ಸರಿ, ಆಗಿರಲಿಲ್ಲ.

ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ (1150) ಇದೇ ಅಳತೆಯ ತ್ರಿಭುಜವಿದೆ. ಶಿಖರದಿಂದ ಬುಡಕ್ಕೆ ಲಂಬವಿಳಿಸಿರಿ. ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಲಂಬ ಎರಡಕ್ಕೂ ಒಂದೇ ಆದ್ದರಿಂದ ಕರ್ಣಗಳ ವರ್ಗಾಂತರವೇ ಬುಡದ ತುಂಡುಗಳ ವರ್ಗಾಂತರ. 225ರಲ್ಲಿ 169 ಕಳೆದರೆ 56. ಅದನ್ನು ತುಂಡುಗಳ ಮೊತ್ತವಾದ 14ರಿಂದ ಭಾಗಿಸಿದರೆ ಅವುಗಳ ಅಂತರ 4. ಆದಕಾರಣ ತುಂಡುಗಳು 9, 5. 169ರಲ್ಲಿ 25 ಕಳೆದರೆ 144. ಲಂಬ 12, ಕ್ಷೇತ್ರಫಲ 84.

ಹುಡುಗ ಲೆಕ್ಕದ ಹಾಳೆ ತೋರಿಸಿದ. ಇಲ್ಲದ 7 ಚದರ ಗಜಕ್ಕೆ ತಂದೆಯವರು ಹಣ ತೆರಲಿಲ್ಲ.