ತೋಟದಿಂದ ಒಯ್ದದ್ದನ್ನು ತೋಟಕ್ಕೆ ತಲುಪಿಸುವುದು

(ಶಂಕರಘಟ್ಟದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಹಾಗೂ ಸುತ್ತಲಿನ ಕೃಷಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸುಸ್ಥಿರ ಅಭಿವೃದ್ಧಿಯಲ್ಲಿ ವಿಶ್ವವಿದ್ಯಾನಿಲಯಗಳ ಪಾತ್ರವನ್ನು ಕುರಿತು ಮಾತನಾಡಬೇಕೆಂದು ನೀವು ಅಪೇಕ್ಷಿಸಿದ್ದೀರಿ. ಈ ವಿಷಯದಲ್ಲಿ ಘೋಷಣೆಗಳಿಗೇನೂ ಕೊರತೆಯಿಲ್ಲ. 1990ರಲ್ಲಿ ಫ್ರಾನ್ಸಿನ ತಾಲ್ವಾರ್ ಎಂಬ ಊರಿನಲ್ಲಿ ನಾನಾ ದೇಶಗಳ ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರು ಸೇರಿ ಒಂದು ಘೋಷಣೆ ಹೊರಡಿಸಿದರು. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಪದವಿ ತರಗತಿಗಳಿಗೆ ಪರಿಸರ ಅಧ್ಯಯನ ಕಡ್ಡಾಯವಾಯಿತು. ಬಹಳಷ್ಟು ಕಡೆ ಅದು ತೇರ್ಗಡೆಯಾಗಬೇಕಾದ ಮತ್ತೊಂದು ಪತ್ರಿಕೆಯಾಗಿಯೇ ಉಳಿಯಿತು. ಅವುಗಳ ಬಗ್ಗೆ ಇಷ್ಟು ಸಾಕು. ನಾನು ಅಡಿಕೆ ತೋಟದಿಂದ ಆರಂಭಿಸುತ್ತೇನೆ.

ಮಲೆನಾಡಿನ ಪ್ರತಿಯೊಬ್ಬ ಅಡಿಕೆ ಬೆಳೆಗಾರನಿಗೂ ಬೋರ್ಡೋ ದ್ರಾವಣ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಹೆಸರಿನ ಹಿಂದೆ ಒಂದು ವಿಶ್ವವಿದ್ಯಾನಿಲಯದ ಕಥೆಯಿದೆ. 1882ರ ಸುಮಾರಿಗೆ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ ದ್ರಾಕ್ಷಿ ತೋಟಗಳ ನಡುವೆ ಸಾಗುತ್ತಿದ್ದಾಗ, ರಸ್ತೆಯ ಅಂಚಿನ ಬಳ್ಳಿಗಳು ಮಾತ್ರ ಬೂಜುರೋಗಕ್ಕೆ ತುತ್ತಾಗದೆ ಎಲೆ ಉಳಿಸಿಕೊಂಡಿದ್ದುದನ್ನು ಕಂಡರು. ದಾರಿಹೋಕರು ಹಣ್ಣು ಕದಿಯದಿರಲೆಂದು ರೈತರು ಆ ಸಾಲುಗಳಿಗೆ ತಾಮ್ರದ ಲವಣ ಮತ್ತು ಸುಣ್ಣ ಎರಚಿದ್ದರು. ಪ್ರಾಧ್ಯಾಪಕರು ನಿಂತು ವಿಚಾರಿಸಿದರು, ಪ್ರಯೋಗ ನಡೆಸಿದರು, 1885ರಲ್ಲಿ ಪ್ರಕಟಿಸಿದರು. ಬೀಜ ರೈತನದು, ಪರೀಕ್ಷೆ ವಿಶ್ವವಿದ್ಯಾನಿಲಯದ್ದು.

ಅದನ್ನು ನಮ್ಮ ಕೊಳೆರೋಗಕ್ಕೆ ಹೊಂದಿಸಿದವರು ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್. ಅದಕ್ಕೂ ಮುನ್ನ ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ರಕ್ಷಿಸುತ್ತಿದ್ದರು. ಕೋಲ್ಮನ್ ರೋಗಕಾರಕ ಶಿಲೀಂಧ್ರವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು; ಅದರ ಸಾರ ಗ್ರಂಥಾಲಯದಲ್ಲಿ ಉಳಿಯದೆ ಕೊನೆಗಾರನ ಕೈಗೆ ತಲುಪಿತು. ನೂರು ವರ್ಷಗಳ ನಂತರವೂ ಮಳೆಗಾಲದ ಹೊಸ್ತಿಲಲ್ಲಿ ನಾವು ಅದನ್ನೇ ಸಿಂಪಡಿಸುತ್ತಿದ್ದೇವೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ತಾಮ್ರ ಕೊಳೆತು ಕರಗಿಹೋಗುವ ವಸ್ತುವಲ್ಲ. ವರ್ಷಂಪ್ರತಿ ಸಿಂಪಡಿಸಿದ್ದರಲ್ಲಿ ಒಂದಷ್ಟು ಮಣ್ಣಿನ ಮೇಲ್ಪದರದಲ್ಲಿ, ಅಲ್ಲಿನ ಸಾವಯವ ಅಂಶಕ್ಕೆ ಅಂಟಿಕೊಂಡು ಸಂಚಯವಾಗುತ್ತದೆ; ನಮ್ಮಂತಹ ಆಮ್ಲೀಯ ಮಣ್ಣಿನಲ್ಲಿ ಬೇರಿಗೂ ಎರೆಹುಳುವಿಗೂ ಹೆಚ್ಚಾಗಿ ಒದಗುತ್ತದೆ. ನನ್ನ ಡಾಕ್ಟರೇಟ್ ಸಂಶೋಧನೆಯ ಒಂದು ಭಾಗ ಇದೇ ಆಗಿತ್ತು. ಹಲವು ತೋಟಗಳಿಂದ ಮಣ್ಣು ಅಗೆದು ಚೀಲಗಳಲ್ಲಿ ತುಂಬಿ ಒಯ್ದೆ. ಒಬ್ಬ ಹಿರಿಯ ಬೆಳೆಗಾರರು ಬಾಳೆಎಲೆಯ ಮೇಲೆ ಊಟ ಬಡಿಸಿ, ಮಣ್ಣಿನಲ್ಲಿ ಏನಿದೆಯೆಂದು ತಿಳಿದಾಗ ಒಂದು ಕಾಗದ ಹಾಕಿ ಎಂದಿದ್ದರು. ಪ್ರಬಂಧ ಇಂಗ್ಲಿಷಿನಲ್ಲಿ ಸಿದ್ಧವಾಯಿತು, ಪದವಿ ಬಂತು, ಎರಡು ಲೇಖನಗಳು ಅಚ್ಚಾದವು. ಕಾಗದ ಮಾತ್ರ ಹಾಕಲಿಲ್ಲ. ಹಾಕೆಂದು ನನ್ನ ಮಾರ್ಗದರ್ಶಕರೂ ಹೇಳಲಿಲ್ಲ, ಯಾವ ನಿಯಮವೂ ಹೇಳಲಿಲ್ಲ. ಆ ಮೌನವೇ ನಮ್ಮ ವಿಶ್ವವಿದ್ಯಾನಿಲಯಗಳ ಬಹುದೊಡ್ಡ ಸಮಸ್ಯೆಯೆಂದು ಈಗ ನನಗನಿಸುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. 1975ರ ಸುಮಾರಿಗೆ ರಾಜ್ಯದ ಬಿದಿರು ಕ್ಷೀಣಿಸುತ್ತಿರುವುದಕ್ಕೆ ಕಾರಣವೇನೆಂಬ ಪ್ರಶ್ನೆ ಎದ್ದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕಾಡಿಗಿಳಿದರು. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಹೋಗುತ್ತಿದ್ದುದು ಅಲ್ಲಿಂದಲೇ. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂಬುದು ಅಧಿಕೃತ ನಂಬಿಕೆ. ಮುಳ್ಳು ತೆಗೆದರೆ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಹಾಕುತ್ತವೆಂಬುದು ಹಳ್ಳಿಗರ ಮಾತು. ಅಳೆದು ನೋಡಿದಾಗ ಹಳ್ಳಿಗರದೇ ಸರಿಯೆಂದು ಸಿದ್ಧವಾಯಿತು. ಕಳಲೆ ಹುಡುಕಿ ಪಲ್ಯ ಮಾಡಿದ ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೂ ಇಷ್ಟು ಗೊತ್ತಾಗುತ್ತಿತ್ತು ಎಂದು ನೀವು ನಗಬಹುದು. ಆದರೆ ಅಜ್ಜಿಯ ಮಾತಿಗೆ ಅಂಕಿಅಂಶದ ಬಲ ಕೊಡುವುದು ಸಣ್ಣ ಕೆಲಸವಲ್ಲ.

ಈ ಪ್ರಾಂಗಣದ ನೆರೆಹೊರೆಯನ್ನೇ ನೋಡೋಣ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯ ತನ್ನ ಆವರಣಕ್ಕೆ ಜ್ಞಾನಸಹ್ಯಾದ್ರಿ ಎಂಬ ಹೆಸರಿಟ್ಟುಕೊಂಡಿದೆ. ಮಗ್ಗುಲಲ್ಲಿ ಭದ್ರಾ ಜಲಾಶಯ. ಅದರ ನೀರಿನಿಂದ ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಅಚ್ಚುಕಟ್ಟು. ಅಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಆಚೆಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಅದರೊಳಗಿನ ಹಳ್ಳಿಗಳನ್ನು 2001-02ರ ಅವಧಿಯಲ್ಲಿ ಎಂ.ಸಿ. ಹಳ್ಳಿ ಮುಂತಾದೆಡೆ ಮರುವಸತಿಗೊಳಿಸಲಾಯಿತು. ಭದ್ರಾವತಿಯಲ್ಲಿ, ಕಾಡಿನ ಕಟ್ಟಿಗೆಯ ಇದ್ದಿಲಿನಿಂದ 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಕಾರ್ಖಾನೆ. ಅದರ ಪಕ್ಕದಲ್ಲಿ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೈಸೂರು ಕಾಗದ ಕಾರ್ಖಾನೆ. ಕಾಗದ ನಿಂತರೂ ಅದಕ್ಕಾಗಿ ಗುಡ್ಡಗಳ ಮೇಲೆ ನೆಟ್ಟ ಅಕೇಶಿಯ ನಿಂತೇ ಇದೆ. ಆ ನೆಡುತೋಪುಗಳ ಕೆಳಗಿನ ಒರತೆಗಳೇನಾದವು? ಮರುವಸತಿಯಾದವರ ಹೊಲದ ಮಣ್ಣು ಎರಡು ದಶಕಗಳಲ್ಲಿ ಹೇಗಾಗಿದೆ? ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗಬಹುದಾದಷ್ಟು ದೂರದ ಪ್ರಶ್ನೆಗಳಿವು.

ನನ್ನ ಸಲಹೆ ಒಂದೇ. ಸಂಶೋಧನಾ ಪ್ರಬಂಧವನ್ನು ಸಲ್ಲಿಸುವ ಮುನ್ನ, ಅದರ ಫಲಿತಾಂಶವನ್ನು ಕನ್ನಡದಲ್ಲಿ ನಾಲ್ಕು ಪುಟಗಳಾಗಿ ಬರೆದು, ಮಾಹಿತಿ ಕೊಟ್ಟ ಊರಿನ ಗ್ರಾಮಸಭೆಯಲ್ಲಿ ಓದಬೇಕು; ಅಲ್ಲಿ ಬಂದ ಆಕ್ಷೇಪಣೆಗಳನ್ನು ಪ್ರಬಂಧದಲ್ಲಿ ಸೇರಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕಾದ್ದರಿಂದ ಕೇಳುವವರ ಕೂಟವೂ ಸಿದ್ಧವಾಗಿದೆ. ಇದರಿಂದ ಬಡ್ತಿಗೆ ಅಂಕ ದೊರೆಯುತ್ತದೆಯೇ ಎಂದು ಅಧ್ಯಾಪಕ ಮಿತ್ರರು ಕೇಳಿಯಾರು. ಸದ್ಯ ದೊರೆಯುವುದಿಲ್ಲ. ವಿದೇಶಿ ನಿಯತಕಾಲಿಕದ ಲೇಖನಕ್ಕೆ ಅಂಕವಿದ್ದು ಗ್ರಾಮಸಭೆಗೆ ಇಲ್ಲದಿರುವವರೆಗೆ ಯುವ ಸಂಶೋಧಕನನ್ನು ದೂರುವುದು ನ್ಯಾಯವಲ್ಲ. ನಿಯಮವನ್ನು ಬದಲಿಸಬೇಕಾದವರು ವಿದ್ಯಾವಿಷಯಕ ಪರಿಷತ್ತಿನಲ್ಲಿ ಕುಳಿತ ಹಿರಿಯರು.

ಕಳೆದ ಬೇಸಿಗೆಯಲ್ಲಿ ನಾನು ನನ್ನ ಹಳೆಯ ಕೋಷ್ಟಕಗಳನ್ನು ಕನ್ನಡಕ್ಕೆ ತಂದುಕೊಂಡು ಆ ತೋಟಕ್ಕೆ ಹೋದೆ. ಹಿರಿಯರು ತೀರಿಕೊಂಡಿದ್ದರು. ಮಗ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಓದಿ, ತಾಮ್ರ ಹೆಚ್ಚಿದ್ದ ಸಾಲು ಯಾವುದೆಂದು ಗುರುತಿಸಿ, "ಅಲ್ಲಿ ಕಾಳುಮೆಣಸು ಏಳುವುದೇ ಇಲ್ಲ, ಇದೇ ಕಾರಣವೋ?" ಎಂದು ಕೇಳಿದರು. ಇರಬಹುದು, ಪರೀಕ್ಷಿಸದೆ ಹೇಳಲಾರೆ ಎಂದೆ. ಬಳಿಕ ಅವರು ಎಲೆಚುಕ್ಕಿ ರೋಗ ತಗುಲಿದ ಸೋಗೆಯೊಂದನ್ನು ತಂದು ನನ್ನ ಮುಂದಿಟ್ಟರು. ಆ ಸಾಲಿನ ಮಣ್ಣನ್ನೂ ಸೋಗೆಯನ್ನೂ ನಾನು ತಂದಿದ್ದೇನೆ. ಈ ಸಲ ನನ್ನ ವಿಳಾಸವನ್ನು ಅವರೇ ಬರೆದುಕೊಂಡಿದ್ದಾರೆ.